ಬಸು ಇಳಿಯಬೇಕಿದ್ದ ಜಾಗ

ಹೊರಡುವ ಮುಂಚೆ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮ ಓಣಿಯಲ್ಲಿ ಒಂದು ತಿಂಗಳು ಯಾರೂ ಸುಮ್ಮನೆ ಬಿಡುವುದಿಲ್ಲ. ಅಲ್ಲಿ ಏನು ತಿಂದಿರಿ, ಹಿಮ ಮುಟ್ಟಿದಿರಾ, ಆ ಜನ ದಿನಾ ಸ್ನಾನ ಮಾಡುತ್ತಾರೋ ಇಲ್ಲವೋ ಎಂದು ಕೇಳುತ್ತಲೇ ಇರುತ್ತಾರೆ. ನಾನು ಆಸ್ಟ್ರಿಯಾದಿಂದ ಬಂದಾಗ ದಾಂಡೇಲಿಯಲ್ಲಿ ಒಬ್ಬರೂ ಏನೂ ಕೇಳಲಿಲ್ಲ. ಯಾಕೆ ಹೋಗಿದ್ದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಏನು ಕಂಡೆ ಎಂಬುದು ಗೊತ್ತಿರಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಈರಣ್ಣ. ಕಾಗದದ ಮಿಲ್ಲಿನ ಇನ್‌ಸ್ಟ್ರುಮೆಂಟ್ ವಿಭಾಗದಲ್ಲಿ ಇಪ್ಪತ್ತು ವರ್ಷ ಮೀಟರುಗಳನ್ನು ಬಿಚ್ಚಿ ಜೋಡಿಸಿ, ಈಗ ದಾಂಡೇಲಿಯಲ್ಲೇ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಬಸವರಾಜ, ಅಂದರೆ ಬಸು, ಹಳಿಯಾಳದಲ್ಲಿರುವ ನನ್ನ ಅಕ್ಕ ನೀಲವ್ವನ ಒಬ್ಬನೇ ಮಗ. ಕಾಳಿ ನದಿಯಲ್ಲಿ ರಾಫ್ಟಿಂಗ್ ಗೈಡ್ ಆಗಿದ್ದ. ಮಳೆಗಾಲದಲ್ಲಿ ಇಲ್ಲಿ ರಾಫ್ಟಿಂಗ್ ನಿಂತಾಗ ಆಸ್ಟ್ರಿಯಾದ ಒಂದು ಕಣಿವೆಗೆ ಹೋಗಿ, ಅಲ್ಲಿಯ ಹೊಳೆಯಲ್ಲಿ ಅದೇ ಕೆಲಸ ಮಾಡಿ, ದಸರೆಯ ಹೊತ್ತಿಗೆ ತಿರುಗಿ ಬರುತ್ತಿದ್ದ. ಆ ಹೊಳೆಯ ದಂಡೆಯಲ್ಲಿ ಒಂದು ಗ್ಲೈಡರ್ ಕ್ಲಬ್ ಇತ್ತು. ಗ್ಲೈಡರ್ ಎಂದರೆ ಎಂಜಿನ್ ಇಲ್ಲದ ವಿಮಾನ. ಬೇರೊಂದು ವಿಮಾನ ಹಗ್ಗ ಕಟ್ಟಿ ಮೇಲಕ್ಕೆ ಎಳೆದು ಬಿಡುತ್ತದೆ. ಆಮೇಲೆ ಬಿಸಿಗಾಳಿ ಏಳುವ ಕಡೆ ಹದ್ದಿನಂತೆ ಸುತ್ತುತ್ತ ಏರಬೇಕು. ಗಾಳಿ ಕೈಕೊಟ್ಟರೆ ಹತ್ತಿರದ ಯಾವುದಾದರೂ ಬಯಲು ಹುಡುಕಿ ಇಳಿದುಬಿಡಬೇಕು. ಬಸು ಅದರ ಹುಚ್ಚು ಹಿಡಿಸಿಕೊಂಡು ಲೈಸೆನ್ಸನ್ನೂ ತೆಗೆದುಕೊಂಡ.

ಜುಲೈ ಕೊನೆಯಲ್ಲಿ ಅವನ ಗ್ಲೈಡರ್ ಒಂದು ಜಲಾಶಯಕ್ಕೆ ಇಳಿದು ಮುಳುಗಿತು. ದೇಹ ಬಂತು, ಹಳಿಯಾಳದಲ್ಲಿ ಮಣ್ಣು ಮಾಡಿದೆವು. ಅಕ್ಕ ಅಳಲಿಲ್ಲ. ಅವಳಿಗೆ ಸತ್ತ ಮಗನ ಮೇಲೆ ಸಿಟ್ಟಿತ್ತು. ಮಾತಾಡಿಸಲು ಬಂದವರಿಗೆಲ್ಲ, "ಹಕ್ಕಿ ಆಗಾಕ ಹೋಗಿದ್ದಾ. ಮನ್ಯಾಗ ತಾಯಿ ಒಬ್ಬಾಕಿ ಅದಾಳ ಅನ್ನೂದ ನೆನಪಿರಲಿಲ್ಲ ಅವಂಗ" ಎನ್ನುತ್ತಿದ್ದಳು. ಅಲ್ಲಿಯ ತನಿಖೆಯವರಿಂದ ಬಂದ ಪತ್ರದಲ್ಲಿಯೂ ತಪ್ಪು ಪೈಲಟ್‌ನದೇ ಎಂದಿತ್ತು.

ಆಗಸ್ಟ್ ಕೊನೆಗೆ ಅವನ ಸಾಮಾನು ತರಲು, ಕಾಗದಗಳಿಗೆ ಸಹಿ ಹಾಕಲು ಮನೆಯವರು ಯಾರಾದರೂ ಹೋಗಬೇಕಾಯಿತು. ಅಕ್ಕ ನನಗೆ ಹೇಳಿದಳು: "ನೀ ಹೋಗು ತಮ್ಮಾ. ಸಣ್ಣಂವ ಇದ್ದಾಗಿಂದ ನೀರಾಗ ಬೆಳದಂವ ಅಂವಾ. ನೀರು ಕಂಡೂ ಯಾಕ ಇಳದಾ, ಅದೊಂದ ಕೇಳ್ಕೊಂಡ ಬಾ. ಸಾಮಾನ ತರದಿದ್ರೂ ಅಡ್ಡಿಯಿಲ್ಲ."

ವಿಮಾನದಲ್ಲಿ

ನನ್ನ ಮುಂದಿನ ಸೀಟಿನ ಬೆನ್ನಿಗೆ ಒಂದು ಪರದೆ. ಅದರಲ್ಲಿ ನಕಾಶೆಯ ಮೇಲೆ ಪುಟ್ಟ ವಿಮಾನವೊಂದು ತೆವಳುತ್ತಿತ್ತು. ಪಕ್ಕದವರು ಸಿನಿಮಾ ನೋಡಿ ನಗುತ್ತಿದ್ದರು. ನಾನು ಮುಟ್ಟಿ ನೋಡಿ ಮುಟ್ಟಿ ನೋಡಿ ಪರದೆಯ ಭಾಷೆಯನ್ನೇ ಬದಲಿಸಿಬಿಟ್ಟೆ. ಆಮೇಲೆ ಇಳಿಯುವ ತನಕ ನಾವೆಲ್ಲಿದ್ದೇವೆ ಎಂಬುದನ್ನು ಅರಬ್ಬಿಯಲ್ಲಿ ನೋಡುತ್ತ ಕೂತೆ.

ಹೋದ ಚಳಿಗಾಲ ಪೂರ್ತಿ ಬಸುವೂ ನಾನೂ ಇಂಥದೇ ನಕಾಶೆಯ ಹಿಂದೆ ಬಿದ್ದಿದ್ದೆವು. ಗ್ಲೈಡರಿನಲ್ಲಿ ಇಟ್ಟುಕೊಳ್ಳಲು ಒಂದು ಸಾಧನ ಬೇಕಿತ್ತು. ಎಷ್ಟು ಎತ್ತರದಲ್ಲಿದ್ದೇನೆ, ಈ ಎತ್ತರದಿಂದ ಜಾರುತ್ತ ಹೋದರೆ ಯಾವ ಬಯಲು ಮುಟ್ಟಬಹುದು ಎಂದು ಅದು ಕ್ಷಣಕ್ಷಣಕ್ಕೂ ಲೆಕ್ಕ ಹಾಕಿ ತೋರಿಸಬೇಕು. ಅಂಗಡಿಯ ಕೌಂಟರ್ ಮೇಲೆ ಐದು ಸಾಧನ ಸಾಲಾಗಿಟ್ಟೆವು. ಗ್ಲೈಡರಿನ ಗಾಜಿನ ಮುಚ್ಚಳದ ಕೆಳಗೆ ಬಿಸಿಲು ಹೇಗೆ ಸುಡುತ್ತದೆ ಎಂದು ಬಸು ಹೇಳಿದ. ನಾನು ಐದನ್ನೂ ಜೀಪಿನ ಡ್ಯಾಶ್‌ಬೋರ್ಡಿನ ಮೇಲಿಟ್ಟು, ಗಾಜು ಏರಿಸಿ, ಮೌಳಂಗಿ ರಸ್ತೆಯಲ್ಲಿ ಮಟಮಟ ಮಧ್ಯಾಹ್ನ ನಿಲ್ಲಿಸಿದೆ. ಎರಡು ಫೋನು ಕಾದು ತಾವಾಗಿ ಆರಿಹೋದವು. ಒಂದರ ಬ್ಯಾಟರಿ ಉಬ್ಬಿತು. ಟ್ಯಾಬ್ಲೆಟ್ ಬದುಕಿತು, ಆದರೆ ಅದರಲ್ಲಿ ನಕಾಶೆಗಿಂತ ನನ್ನ ಮುಖವೇ ಚೆನ್ನಾಗಿ ಕಾಣುತ್ತಿತ್ತು. ಗೆದ್ದದ್ದು ಪುಸ್ತಕ ಓದುವ ಹಳೆಯ ಸಾಧನ. ಬಣ್ಣವಿಲ್ಲ, ಬೆಳಕಿಲ್ಲ. ಬಿಸಿಲು ಜೋರಾದಷ್ಟೂ ಅಕ್ಷರ ಸ್ಪಷ್ಟ. ಅದನ್ನು ಬಿಚ್ಚಿ ಒಳಗೆ ಜಿಪಿಎಸ್ ಕೂರಿಸಿ, ದೊಡ್ಡ ಬ್ಯಾಟರಿ ಹಾಕಿದೆ. ಕೈಗವಸು ಹಾಕಿಕೊಂಡೂ ಒತ್ತಲು ಬರುವಂಥ ಎರಡು ಗುಂಡಿ ಕೊಟ್ಟೆ.

ಸಾಫ್ಟ್‌ವೇರುಗಳಲ್ಲಿ ಎರಡು ಉಳಿದಿದ್ದವು. ಒಂದರಲ್ಲಿ ಇಳಿಯುವ ಬಯಲುಗಳ ಪಟ್ಟಿಗೆ ಬೀಗ, ಅವರು ಕೊಟ್ಟದ್ದಷ್ಟೇ. ಇನ್ನೊಂದು ನಾವು ಸೇರಿಸಿದ್ದನ್ನೂ ತೆಗೆದುಕೊಳ್ಳುತ್ತಿತ್ತು. ಎರಡನೆಯದೇ ಇರಲಿ ಎಂದವನು ನಾನು. ನಕಾಶೆಯಲ್ಲಿ ಒಂದು ಕಡೆ ದೊಡ್ಡ ಜಾಗ ಖಾಲಿ ಇತ್ತು, ಅಲ್ಲಿ ಒಂದೂ ಬಯಲಿರಲಿಲ್ಲ. ನನಗೆ ಅದನ್ನು ಸಹಿಸಲಾಗಲಿಲ್ಲ. ಮಿಲ್ಲಿನ ಲಾಗ್‌ಶೀಟಿನಲ್ಲಿ ಒಂದು ಮನೆ ಖಾಲಿ ಬಿಟ್ಟರೂ ಶಿಫ್ಟ್ ಎಂಜಿನಿಯರ್ ಉಗಿಯುತ್ತಿದ್ದ. ಮೀಟರ್ ನೋಡಿರಲಿ ಬಿಡಲಿ, ಅಂಕಿ ಬರೆದು ತುಂಬುವುದು ನಮ್ಮ ಕೈಗೆ ರೂಢಿ. ಉಪಗ್ರಹದ ಫೋಟೋ ತೆರೆದು ಅಂಗಡಿಯಲ್ಲೇ ಕೂತು ನಾಲ್ಕು ಜಾಗ ಹುಡುಕಿ ಸೇರಿಸಿದೆ. ಅಲ್ಲಿಯ ಹೆಸರುಗಳು ನಾಲಿಗೆಗೆ ಸಿಗುತ್ತಿರಲಿಲ್ಲ, ಅದಕ್ಕೆ ನಮ್ಮವೇ ಇಟ್ಟೆ: ಸೂಪಾ, ಮೌಳಂಗಿ, ಸನವಳ್ಳಿ, ಉಳವಿ.

ಬಸು ಹೊರಡುವ ದಿನ ಕೇಳಿದ: "ಮಾಮಾ, ಈ ನಾಲ್ಕೂ ಸರಿಯಾಗಿ ನೋಡೀಯಿಲ್ಲೋ?"

"ನೋಡೀನಿ" ಎಂದೆ.

ಮೊದಲ ದಿನ, ಕ್ಲಬ್ಬಿನಲ್ಲಿ

ಅಲ್ಲಿಯ ರೈಲು ಒಂದು ನಿಲ್ದಾಣದಲ್ಲಿ ಎರಡು ಹೋಳಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಮುಂದಿನ ಅರ್ಧ ಒಂದು ಕಡೆ, ಹಿಂದಿನ ಅರ್ಧ ಇನ್ನೊಂದು ಕಡೆ. ನಾನು ಕೂತದ್ದು ತಪ್ಪು ಅರ್ಧದಲ್ಲಿ. ತಿರುಗಿ ಬಂದು ಸೇರುವಷ್ಟರಲ್ಲಿ ನನಗಾಗಿ ನಿಲ್ದಾಣದಲ್ಲಿ ಒಬ್ಬ ಮುದುಕಿ ಮೂರು ತಾಸು ಕಾದಿದ್ದರು. ಹೆಸರು ಹೆಲ್ಗಾ. ಎಪ್ಪತ್ತು ದಾಟಿದವರು. ಈಗ ತಾವು ಹಾರುವುದಿಲ್ಲ. ಕ್ಲಬ್ಬಿನ ಬಯಲುಗಳ ಪಟ್ಟಿ ನೋಡಿಕೊಳ್ಳುವುದು ಅವರ ಕೆಲಸ. ತಡವಾದದ್ದಕ್ಕೆ ನಾನು ಹತ್ತು ಸಲ ಕ್ಷಮೆ ಕೇಳಿದೆ. ಅವರು, "ತಪ್ಪು ಅರ್ಧದಲ್ಲಿ ಎಲ್ಲರೂ ಒಮ್ಮೆ ಕೂರುತ್ತಾರೆ" ಎಂದರು. ನಮ್ಮಿಬ್ಬರದೂ ಹರಕು ಇಂಗ್ಲಿಷ್, ಆದರೆ ಮಾತು ನಡೆಯುತ್ತಿತ್ತು.

ಕ್ಲಬ್ಬಿನಲ್ಲಿ ಹದಿನೈದು ಜನರಿದ್ದರು. ಒಬ್ಬೊಬ್ಬರಾಗಿ ಬಂದು ಕೈ ಕುಲುಕಿ, ತಮ್ಮ ಹೆಸರು ಹೇಳಿ, ಮುಂದೆ ಒಂದು ಬಟ್ಟಲು ಕಾಫಿ ಇಟ್ಟು, ವಿಮಾನದ ರೆಕ್ಕೆ ಒರೆಸಲು ಹೋದರು. ನಮ್ಮಲ್ಲಾದರೆ ಸತ್ತವನ ಮಾವ ಬಂದನೆಂದರೆ ಓಣಿಯೇ ಸುತ್ತ ಕೂತು, ಹೆಂಗಾತು ಏನಾತು ಎಂದು ಕೇಳಿ ಕೇಳಿ ಅಳಿಸುತ್ತಿತ್ತು. ಇವರು ಬಸುವಿನ ಹೆಸರೂ ಎತ್ತಲಿಲ್ಲ. ಮೊದಲು ಕಲ್ಲೆದೆಯವರೆಂದು ಸಿಟ್ಟು ಬಂತು. ಸಂಜೆ ನೋಡಿದರೆ ಅವನ ಪೆಟ್ಟಿಗೆಯ ಮೇಲೆ ಅವನ ಬಟ್ಟೆಗಳನ್ನು ಯಾರೋ ಒಗೆದು ಇಸ್ತ್ರಿ ಮಾಡಿ ಮಡಚಿಟ್ಟಿದ್ದರು, ಕಾಲುಚೀಲದ ಸಮೇತ.

ಎರಡನೆಯ ದಿನ

ಅಲ್ಲಿ ಒಂದು ಉದ್ದನೆಯ ಮೇಜಿದೆ. ಬೆಳಿಗ್ಗೆ ಎಲ್ಲರೂ ತಮ್ಮ ಸಾಧನಗಳನ್ನು ಅದರ ಮೇಲಿಟ್ಟು ಒರೆಸಿ, ಚಾರ್ಜ್ ನೋಡಿ, ಯಾರದು ಒಳ್ಳೆಯದೆಂದು ವಾದಿಸುತ್ತಾರೆ. ಒಬ್ಬ ಫೋನಿನ ಪಕ್ಷ, ಒಬ್ಬ ಟ್ಯಾಬ್ಲೆಟ್ಟಿನ ಪಕ್ಷ. ಮೂರು ಜನರ ಕೈಯಲ್ಲಿ ನಾನು ಬಸುವಿಗೆ ಮಾಡಿಕೊಟ್ಟಂಥದೇ ಓದುವ ಸಾಧನ ಕಂಡು ಅಚ್ಚರಿಪಟ್ಟೆ. ಹೆಲ್ಗಾ ಹೇಳಿದರು, "ಬಸು ಮಾಡಿಕೊಟ್ಟದ್ದು. ತನ್ನ ಬಯಲುಗಳ ಪಟ್ಟಿಯನ್ನೂ ಕೊಟ್ಟ. ನಮ್ಮ ಮಾವನ ಕೈಗುಣ ಎನ್ನುತ್ತಿದ್ದ."

ಆಮೇಲೆ ಅವರು ಬಸುವಿನ ಸಾಧನವನ್ನು ನನ್ನ ಮುಂದೆ ತಂದಿಟ್ಟರು. ನೀರಿನಿಂದ ತೆಗೆದು ತನಿಖೆಯವರು ಒಣಗಿಸಿ ಕೊಟ್ಟಿದ್ದು. ನಿಜ ಹೇಳುತ್ತೇನೆ: ಆ ಕ್ಷಣ ನನಗೆ ಇದ್ದ ಭಯ ಒಂದೇ, ನನ್ನ ಬೆಸುಗೆ ಬಿಟ್ಟಿತ್ತೇ ಎಂದು. ಗುಂಡಿ ಒತ್ತಿದೆ. ಹತ್ತಿತು. ಕೊನೆಯ ಹಾರಾಟ ಪೂರ್ತಿ ದಾಖಲಾಗಿತ್ತು. ಒಂದು ಕ್ಷಣವೂ ಜಿಪಿಎಸ್ ತಪ್ಪಿರಲಿಲ್ಲ, ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ನನ್ನ ಯಂತ್ರ ಕೈಕೊಟ್ಟಿಲ್ಲ ಎಂದು ನಾನು ಸಮಾಧಾನಪಟ್ಟೆ. ಅಳಿಯನ ಜೊತೆ ಮುಳುಗಿದ ಯಂತ್ರವನ್ನು ಕೈಯಲ್ಲಿ ಹಿಡಿದು ಸಮಾಧಾನಪಟ್ಟೆ, ಅದನ್ನೂ ಬರೆದುಬಿಡುತ್ತೇನೆ.

ದಾಖಲೆಯ ಗೆರೆ ಒಂದು ಗುಡ್ಡದ ಸಾಲು ದಾಟಿ, ಎತ್ತರ ಕಳೆದುಕೊಳ್ಳುತ್ತ, ನೇರವಾಗಿ ಒಂದು ಬಿಂದುವಿಗೆ ಹೋಗಿತ್ತು. ಹೆಲ್ಗಾ ಬೆರಳಿಟ್ಟು ಕೇಳಿದರು: "ಮೌಳಂಗಿ. ಈ ಶಬ್ದ ಏನು? ಅವನು ಪ್ರೀತಿಸಿದ ಹುಡುಗಿಯ ಹೆಸರಿರಬೇಕು ಎಂದುಕೊಂಡೆವು ನಾವು. ಬಿಂದು ಇಡುವಾಗ ಅವನ ಕೈ ತಪ್ಪಿ ನೀರಿನ ಮೇಲೆ ಬಿದ್ದಿದೆ."

"ನಮ್ಮೂರ ಹತ್ತಿರದ ಒಂದು ಜಾಗ" ಎಂದೆ. ಇಟ್ಟವನು ಯಾರೆಂದು ಹೇಳಲಿಲ್ಲ. ನಾನು ಇಟ್ಟದ್ದು ಒಣ ಬಯಲಿನಲ್ಲಿ, ನೀರಿನಲ್ಲಲ್ಲ. ಏನೋ ಆಚೀಚೆ ಆಗಿರಬೇಕು ಎಂದುಕೊಂಡೆ. ಆ ಜಾಗ ನೋಡಬೇಕು ಎಂದು ಕೇಳಿಕೊಂಡೆ.

ಮೂರನೆಯ ದಿನ, ಜಲಾಶಯ

ಹೆಲ್ಗಾ ಕಾರು ಓಡಿಸುತ್ತ ತಮ್ಮ ಕ್ಲಬ್ಬಿನ ಪದ್ಧತಿ ಹೇಳಿದರು. ಪಟ್ಟಿಯಲ್ಲಿರುವ ಪ್ರತಿ ಬಯಲಿಗೂ ವರ್ಷಕ್ಕೊಮ್ಮೆ ಯಾರಾದರೂ ನಡೆದುಹೋಗಬೇಕು. ಕೋಲಿನಿಂದ ನೆಲ ಚುಚ್ಚಿ, ಹೆಜ್ಜೆ ಹಾಕಿ ಉದ್ದ ಅಳೆದು, ತಂತಿ ಕಂಬ ಇದೆಯೇ ನೋಡಿ, ಪಟ್ಟಿಯಲ್ಲಿ ತಮ್ಮ ಹೆಸರು ಬರೆಯಬೇಕು. ಕಾಲು ಮುಟ್ಟದ ನೆಲ ಪಟ್ಟಿಗೆ ಸೇರುವಂತಿಲ್ಲ. "ಆ ಕಡೆಯ ಕಣಿವೆಗಳಲ್ಲಿ ನಮಗೆ ಒಂದೂ ಸಿಗಲಿಲ್ಲ. ಅದಕ್ಕೆ ಖಾಲಿ ಬಿಟ್ಟಿದ್ದೆವು. ಖಾಲಿ ಕಂಡರೆ ಅತ್ತ ಹೋಗಬಾರದೆಂದು ಪೈಲಟ್‌ಗೆ ತಿಳಿಯುತ್ತದೆ. ಬಸು ತಾನು ಸೇರಿಸಿದ ಜಾಗಗಳನ್ನು ನಡೆದೇ ನೋಡಿರಬೇಕು ಎಂದುಕೊಂಡೆವು" ಎಂದರು.

ತಿರುವು ದಾಟಿದ ಕೂಡಲೇ ಜಲಾಶಯ ಕಂಡಿತು. ಅಂಚಿನ ತನಕ ತುಂಬಿ ನಿಂತಿತ್ತು. ನೀರಿನ ತುದಿಗೇ ಹಸಿರು ಕಾಡು. ಬಯಲು ಎಂಬುದಕ್ಕೆ ಒಂದು ಚಾಪೆ ಹಾಸುವಷ್ಟೂ ಜಾಗವಿಲ್ಲ. ನಾನು ದಡ್ಡನಂತೆ ಕೇಳಿದೆ: "ನಿಮ್ಮ ಬೇಸಿಗೆಯಲ್ಲಿ ಇಷ್ಟು ನೀರು ಹೇಗೆ?"

"ಬೇಸಿಗೆಯಲ್ಲೇ ಅಲ್ಲವೇ ತುಂಬುವುದು? ಹಿಮ ಕರಗುತ್ತದಲ್ಲ" ಎಂದರು ಹೆಲ್ಗಾ. "ಏಪ್ರಿಲ್‌ನಲ್ಲಿ ಬಂದರೆ ಪೂರ್ತಿ ಒಣಗಿರುತ್ತದೆ. ಇದೇ ಜಾಗದಲ್ಲಿ ನಾಯಿಯನ್ನು ಓಡಾಡಿಸಿದ್ದೇನೆ. ಆಗ ಮರಗಳಲ್ಲಿ ಎಲೆಯೂ ಇರುವುದಿಲ್ಲ."

ಅಂಗಡಿಯಲ್ಲಿ ಕೂತು ನೋಡಿದ ಫೋಟೋ ಕಣ್ಣ ಮುಂದೆ ಬಂತು. ಬೋಳು ಮರ, ಕಂದು ನೆಲ, ನಡುವೆ ಅಗಲವಾದ ಸಪಾಟು ಬಯಲು. ಮೂಲೆಯಲ್ಲಿ ಏಪ್ರಿಲ್ ಎಂದು ಬರೆದಿತ್ತು. ದಾಂಡೇಲಿಯಲ್ಲಿ ಹುಟ್ಟಿ ಬೆಳೆದವನಿಗೆ ಇದರಲ್ಲಿ ಏನು ಅನುಮಾನ? ಏಪ್ರಿಲ್ ಎಂದರೆ ಬೇಸಿಗೆ. ಸಾಗುವಾನಿ ಎಲೆ ಉದುರಿಸಿ ನಿಲ್ಲುವುದು ಬೇಸಿಗೆಯಲ್ಲಿ. ನಮ್ಮ ಸೂಪಾ ಅಣೆಕಟ್ಟಿನ ಹಿನ್ನೀರು ಇಳಿದು ನೆಲ ಬಿಡುವುದೂ ಬೇಸಿಗೆಯಲ್ಲೇ. ಆ ನೆಲದ ಮೇಲೆ ದನ ಮೇಯುವುದನ್ನು, ಹುಡುಗರು ಕ್ರಿಕೆಟ್ ಆಡುವುದನ್ನು ಪ್ರತಿ ವರ್ಷ ನೋಡಿದ್ದೇನೆ. ನಕಾಶೆಯಲ್ಲಿ ಅಲ್ಲಿ ನೀಲಿ ಬಣ್ಣವಿತ್ತು. ಸೂಪಾದ ಮೇಲೂ ನಕಾಶೆ ವರ್ಷವಿಡೀ ನೀಲಿಯನ್ನೇ ತೋರಿಸುತ್ತದೆ ಎಂದು ಅದನ್ನು ಬದಿಗೊತ್ತಿದ್ದೆ. ಬಸು ಹಾರುವುದು ಅವರ ಬೇಸಿಗೆಯಲ್ಲಿ, ಬೇಸಿಗೆಯಲ್ಲಿ ಇದು ಬಯಲು ಎಂದು ಬಿಂದು ಇಟ್ಟಿದ್ದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಅಂಗಡಿಯ ಹುಡುಗರಿಗೆ ಗಾದೆ ಹೇಳುವವನು ನಾನು.

ಅವನು ಗುಡ್ಡ ದಾಟಿ ಬಂದಾಗ ನೀರು ಕಂಡಿರುತ್ತದೆ. ಆದರೆ ಆಗ ಹಿಂದಿರುಗುವಷ್ಟು ಎತ್ತರ ಉಳಿದಿರಲಿಲ್ಲ. ದಾಖಲೆಯಲ್ಲಿ ಅದು ಸ್ಪಷ್ಟವಾಗಿತ್ತು. ನನ್ನ ಬಿಂದುವಿದೆ ಎಂಬ ಧೈರ್ಯದಿಂದಲೇ ಆ ಗುಡ್ಡ ದಾಟಿದ್ದ. ಅಕ್ಕನ ಪ್ರಶ್ನೆಗೆ ಉತ್ತರ ನನ್ನ ಮುಂದೆಯೇ ತುಂಬಿ ನಿಂತಿತ್ತು.

ಹೆಲ್ಗಾ ನನ್ನ ಭುಜ ಮುಟ್ಟಿ, "ಅವನು ಒಳ್ಳೆಯ ಪೈಲಟ್. ಒಂದು ಸಲ ಅಸಡ್ಡೆ ಮಾಡಿದ" ಎಂದರು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ತಿರುಗಿ ಬರುವ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕೂತೆ. ಹೇಳಿದರೆ ಬಸು ಬದುಕುತ್ತಾನೆಯೇ ಎಂದು ನನಗೆ ನಾನೇ ವಾದ ಹೂಡಿದೆ. ಅಕ್ಕನಿಗೆ ನಾನು ಒಬ್ಬನೇ ತಮ್ಮ, ನಾನೂ ಇಲ್ಲವಾದರೆ ಅವಳಿಗೆ ಯಾರು ಎಂದೂ ಅಂದುಕೊಂಡೆ. ಹೇಡಿಗೆ ಕಾರಣಗಳ ಬರವಿರುವುದಿಲ್ಲ ಎಂಬುದು ಅಂದು ಗೊತ್ತಾಯಿತು. ಸತ್ತವನ ಹೆಸರಿನ ಮೇಲೆ ನನ್ನ ತಪ್ಪನ್ನು ಬಿಟ್ಟು ಉಂಡು ಮಲಗಿದೆ.

ನಾಲ್ಕನೆಯ ದಿನ

ಮರುದಿನ ಹವೆ ಚೆನ್ನಾಗಿತ್ತು. ಎಲ್ಲರೂ ಮೇಜಿನ ಸುತ್ತ ನಿಂತು ಇವತ್ತು ಗಾಳಿ ಎಲ್ಲೆಲ್ಲಿ ಏಳಬಹುದು ಎಂದು ಮಾತಾಡಿಕೊಂಡರು. ನನ್ನ ಸಾಮಾನು ಕಟ್ಟಿ ಆಗಿತ್ತು. ಎರಡು ಗ್ಲೈಡರುಗಳು ಹಗ್ಗದ ಹಿಂದೆ ಏರಿ ಪಶ್ಚಿಮಕ್ಕೆ ತಿರುಗಿದವು. ಅವೆರಡರಲ್ಲೂ ಬಸು ಮಾಡಿಕೊಟ್ಟ ಸಾಧನಗಳಿದ್ದವು. ನಾನು ಕೈ ಅಡ್ಡ ಹಿಡಿದು ನೋಡುತ್ತಿದ್ದೆ, ಯಾವ ಯೋಚನೆಯೂ ಇರಲಿಲ್ಲ.

ಅವು ಚುಕ್ಕೆಯಾದ ಮೇಲೆ ನನಗೆ ಹೊಳೆಯಿತು. ಕ್ಲಬ್ಬಿನವರು ಆ ಸಾಧನಗಳಿಂದ ಮೌಳಂಗಿಯನ್ನು ಮಾತ್ರ ಅಳಿಸಿದ್ದರು. ಕೈತಪ್ಪಿ ಬಿದ್ದ ಒಂದು ಬಿಂದು ಎಂದು ತಿಳಿದವರು ಉಳಿದವನ್ನು ಯಾಕೆ ನೋಡುತ್ತಾರೆ? ಸೂಪಾ, ಸನವಳ್ಳಿ, ಉಳವಿ ಮೂರೂ ಪಶ್ಚಿಮದ ಕಣಿವೆಗಳಲ್ಲಿದ್ದವು. ಮೂರನ್ನೂ ನಾನು ಹಾಗೆಯೇ ಬೋಳು ಮರ ನೋಡಿ ಇಟ್ಟಿದ್ದೆ.

ಹೆಲ್ಗಾ ರೇಡಿಯೋ ಪಕ್ಕದಲ್ಲಿ ಕೂತಿದ್ದರು. ಓಡಿಹೋಗಿ ನಿಂತೆ. "ಮೌಳಂಗಿ ಇಟ್ಟವನು ಬಸು ಅಲ್ಲ, ನಾನು. ಇನ್ನೂ ಮೂರಿವೆ. ಅವೂ ನೀರೇ" ಎಂದೆ. ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. ಯಾಕೆ, ಹೇಗೆ ಎಂದು ಕೇಳಲಿಲ್ಲ. ರೇಡಿಯೋ ಎತ್ತಿಕೊಂಡು ಜರ್ಮನ್‌ನಲ್ಲಿ ನಿಧಾನವಾಗಿ ಮಾತಾಡಿದರು. ನಡುವೆ ನಮ್ಮ ಮೂರೂರ ಹೆಸರುಗಳು ಕೇಳಿಸಿದವು, ಒಂದೊಂದನ್ನೂ ಎರಡೆರಡು ಸಲ. ಒಬ್ಬ ಪೈಲಟ್ ಕೂಡಲೇ ಉತ್ತರ ಕೊಟ್ಟ. ಇನ್ನೊಬ್ಬನಿಂದ ಏನೂ ಬರಲಿಲ್ಲ. ಹೆಲ್ಗಾ ಮತ್ತೆ ಮತ್ತೆ ಕರೆದರು. ನಾನು ಬಸವಣ್ಣನನ್ನು ನೆನೆಯುತ್ತ ಗೋಡೆಗೆ ಒರಗಿದ್ದೆ. ಎಷ್ಟು ನಿಮಿಷ ಕಳೆಯಿತೋ, ಕೊನೆಗೆ ದನಿ ಬಂತು.

ಹೆಲ್ಗಾ ರೇಡಿಯೋ ಕೆಳಗಿಟ್ಟು ಹೇಳಿದರು: "ಗುಡ್ಡದ ಹಿಂದೆ ಇದ್ದನಂತೆ, ಕೇಳಿಸಿರಲಿಲ್ಲ. ಗಾಳಿ ಬಿಟ್ಟುಹೋಗಿ ತಗ್ಗಿಗೆ ಇಳಿದಿದ್ದ. ಸನವಳ್ಳಿ ಮುಟ್ಟಬಹುದು ಎಂದು ಸಾಧನ ತೋರಿಸುತ್ತಿತ್ತಂತೆ. ಈಗ ಹಿಂದಕ್ಕೆ ತಿರುಗಿದ್ದಾನೆ."

ಆಮೇಲೆ ಅವರು ನನ್ನ ಕಡೆ ನೋಡದೆ ಕೇಳಿದರು, "ನಿಮಗೆ ನಿನ್ನೆಯೇ ಗೊತ್ತಿತ್ತು, ಅಲ್ಲವೇ?"

"ಹೌದು" ಎಂದೆ.

ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬಸು ಕೊಟ್ಟಿದ್ದ ಪಟ್ಟಿ ತೆರೆದು ಕುರ್ಚಿ ನನ್ನ ಕಡೆ ಸರಿಸಿದರು. ಅಳಿಸಿದ ಮೌಳಂಗಿಯೂ ಸೇರಿ ನಾಲ್ಕೂ ಸಾಲುಗಳಲ್ಲಿ ಇಟ್ಟವರ ಹೆಸರು ಎಂಬಲ್ಲಿ ಬಸುವಿನ ಹೆಸರಿತ್ತು. ಅದನ್ನು ಅಳಿಸಿ ನನ್ನ ಹೆಸರು ಬರೆದೆ. ತೆಗೆದ ಕಾರಣ ಎಂಬಲ್ಲಿ, ಈ ನೆಲವನ್ನು ಯಾರೂ ತುಳಿದು ನೋಡಿಲ್ಲ ಎಂದು ಬರೆದೆ. ತನಿಖೆಯವರಿಗೂ ಪತ್ರ ಬರೆದು ಸಹಿ ಹಾಕಿದೆ. ವರದಿ ಬದಲಾಗುತ್ತದೆಯೇ ಎಂದು ಕೇಳಿದಾಗ ಹೆಲ್ಗಾ, "ಪೈಲಟ್ ಪರೀಕ್ಷಿಸದೆ ನಂಬಿದ ಎಂಬ ಸಾಲು ಉಳಿಯುತ್ತದೆ. ಯಾರನ್ನು ನಂಬಿದ ಎಂಬುದು ಸೇರುತ್ತದೆ" ಎಂದರು. ನಿಲ್ದಾಣದ ತನಕ ಅವರೇ ಬಿಟ್ಟುಬಂದರು. ಸರಿಯಾದ ಅರ್ಧದಲ್ಲಿ ಕೂರಿಸಿ, ಕೈ ಕುಲುಕದೆ ಹೋದರು.

ಹಳಿಯಾಳ

ದಾಂಡೇಲಿಗೆ ಹೋಗದೆ ನೇರವಾಗಿ ಅಕ್ಕನ ಮನೆಗೆ ಹೋದೆ. ಅವಳು ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಪೆಟ್ಟಿಗೆಯ ಕಡೆ ನೋಡಲೂ ಇಲ್ಲ. "ಕೇಳ್ಕೊಂಡ ಬಂದೇನು?" ಎಂದಳು.

ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಫೋಟೋ, ಬೋಳು ಮರ, ಏಪ್ರಿಲ್, ಅಲ್ಲಿ ಬೇಸಿಗೆಯಲ್ಲಿ ತುಂಬುವ ನೀರು, ಒಂದು ರಾತ್ರಿ ನಾನು ಬಾಯಿ ಮುಚ್ಚಿಕೊಂಡಿದ್ದು. ಅವಳ ಕೈ ಎಲ್ಲಿ ನಿಂತಿತೋ ನನಗೆ ತಿಳಿಯಲಿಲ್ಲ.

"ಅಂವಾ ನಿನ್ನ ಕೇಳಿದ್ನೇನು, ನೋಡೀಯಿಲ್ಲೋ ಅಂತ?"

"ಕೇಳಿದ್ದಾ."

"ನೀ ಏನಂದಿ?"

"ನೋಡೀನಿ ಅಂದ್ನಿ ಅಕ್ಕಾ."

ಅವಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅವಳ ದನಿ ಬಂತು, ನನ್ನ ಜೊತೆ ಮಾತಾಡುವ ದನಿಯಲ್ಲ. "ನಿನ್ನ ಬೈದ್ನೆಲ್ಲೋ ನನ್ನಪ್ಪಾ. ಮಂದಿ ಮುಂದೆಲ್ಲಾ ನಿನ್ನ ಬೈದ್ನೆಲ್ಲೋ." ಆಮೇಲೆ ಅಳು ಶುರುವಾಯಿತು. ಮಣ್ಣಿನ ದಿನ ಬರದ ಅಳು, ಓಣಿಗೆಲ್ಲ ಕೇಳಿಸುವಂಥದು. ಇಂಥ ಹೊತ್ತಿನಲ್ಲಿ ಒಳಗೆ ಹೋಗಿ ಅವಳನ್ನು ಹಿಡಿದು ಕೂರಬೇಕಾದವನು ಒಡಹುಟ್ಟಿದವನು. ನಾನು ಕಟ್ಟೆಯ ಮೇಲೆ ಬಂದು ಕೂತೆ.

ಪಕ್ಕದ ಮನೆಯ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಓಡಿ ಬಂದಳು. "ಏನಾತ್ರೀ ಅಣ್ಣಾರ? ಅಕ್ಕಾರು ಯಾಕ ಹಿಂಗ ಅಳಾಕ ಹತ್ಯಾರ?"

"ಬಸು ಹೋದಾರೀ" ಎಂದೆ.